ಗಾಲಿಯ ಒಳದನಿ

ಅಜ್ಜಂಪುರವೆಂದೊಡನೆ ಅಮೃತಮಹಲ್ ರಾಸುಗಳ ನೆನಪಾಗುವುದು ಸಹಜ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿ ಮೊದಲಾಗಿ, ಟಿಪ್ಪು ಸುಲ್ತಾನನಿಂದ ಇಂದಿನ ಹೆಸರನ್ನು ಪಡೆದ ಈ ತಳಿಯ ಸಂವರ್ಧನ ಕೇಂದ್ರವು ಈಗಲೂ ಅಲ್ಲಿ ನಡೆಯುತ್ತಿದೆ. ಸೇನೆಯ ಫಿರಂಗಿಗಳನ್ನೂ ಸರಂಜಾಮನ್ನೂ ಎಳೆದು ಹೆಸರಾದ ಎತ್ತುಗಳವು. ಆದರೆ ಎತ್ತು ಎಷ್ಟೇ ಬಲಶಾಲಿಯಾಗಿರಲಿ, ಅದರ ಎಳೆತದ ಒಂದು ಪಾಲು ಯಾವ ಉಪಯೋಗಕ್ಕೂ ಬಾರದೆ ಗಾಡಿಯ ಅಚ್ಚಿನಲ್ಲಿಯೇ ಕಾವಾಗಿ ಕಳೆದುಹೋಗುವುದು. ಗಾಲಿಯ ನಡುವಣ ಗುಂಬದೊಳಗೆ ಕಬ್ಬಿಣದ ಅಚ್ಚು ತೂರಿರುತ್ತದೆ. ಗುಂಬ ತಿರುಗುತ್ತದೆ, ಅಚ್ಚು ತಿರುಗದು. ಒಂದರ ಮೈ ಇನ್ನೊಂದರ ಮೈಯನ್ನು ತಿಕ್ಕುತ್ತದೆ. ಇದನ್ನು ಬಲ್ಲ ನಮ್ಮ ಹಿರಿಯರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಗೆ ನೇತುಹಾಕಿಕೊಂಡೇ ಪಯಣ ಹೊರಡುತ್ತಿದ್ದರು. ಅದೇ ಕೀಲೆಣ್ಣೆ. ಕೀಲೆಣ್ಣೆ ತೀರಿದ ಗಾಡಿಯು ಕಿರುಗುಟ್ಟುವ ಸದ್ದು ಅರ್ಧ ಹರದಾರಿಯಿಂದಲೇ ಕೇಳುತ್ತಿತ್ತೆಂದು ಹಳಬರು ಹೇಳುವುದುಂಟು.

ಆ ಕಿರುಗುಟ್ಟುವಿಕೆಗೂ, ಇಂದು ಕಡೂರಿನಿಂದ ತರೀಕೆರೆಯ ಕಡೆಗೆ ಧಾವಿಸುವ ಕಾರಿನ ಅಡಿಯಿಂದ ಒಮ್ಮೊಮ್ಮೆ ಕೇಳಿಬರುವ ‘ಗುಂಯ್’ ಎಂಬ ನಾದಕ್ಕೂ ಮೂಲ ಒಂದೇ. ಗಾಲಿ ಮತ್ತು ಅಚ್ಚು ಕೂಡುವ ಸ್ಥಳ. ಕಾರಿನಲ್ಲಿ ಆ ಸ್ಥಳದಲ್ಲಿರುವ ಉಕ್ಕಿನ ಸಾಧನಕ್ಕೆ ಬೇರಿಂಗ್ ಎಂದು ಹೆಸರು. ಅದು ಸವೆದಾಗ ಹೊರಡಿಸುವ ದನಿಯನ್ನು ಕೇಳಿ, ನಾಲ್ಕು ಗಾಲಿಗಳಲ್ಲಿ ಯಾವುದರದು ಕೆಟ್ಟಿದೆ ಎಂದು ಹೇಳುವ ಗ್ಯಾರೇಜಿನ ಕುಶಲಿಗಳಿದ್ದಾರೆ. ಅವರು ಅನುಸರಿಸುವ ಒಂದೊಂದು ನಿಯಮವನ್ನೂ ಪದವಿಪೂರ್ವ ತರಗತಿಯ ಭೌತವಿಜ್ಞಾನದಿಂದ ಸಾಧಿಸಿ ತೋರಿಸಬಹುದು. ಹೀಗೆ ಸಾಧಿಸುವುದು ಬರಿಯ ಬುದ್ಧಿವಿನೋದವಲ್ಲ. ದನಿಯನ್ನು ತಪ್ಪಾಗಿ ಅರಿತರೆ ಬಾಡಿಗೆ ಕಾರಿನ ಚಾಲಕನೊಬ್ಬನು ಸರಿಯಾಗಿರುವ ಬೇರಿಂಗನ್ನು ಕೀಳಿಸಿ ಹೊಸದಕ್ಕೆ ಹಣ ತೆರುತ್ತಾನೆ. ಅರಿಯದೆಯೇ ಇದ್ದರೆ, ಕೆಮ್ಮಣ್ಣುಗುಂಡಿಯ ಇಳಿಜಾರಿನಲ್ಲಿ ಗಾಲಿಯು ಓಲಾಡತೊಡಗಬಹುದು. ಬೇರಿಂಗು ಬಿಗಿದು ಗಾಲಿ ನಿಂತೇ ಹೋಗಬಹುದು. ಕೊನೆಯ ಹಂತದಲ್ಲಿ ಕಳಚಿಕೊಳ್ಳಲೂಬಹುದು.

ಕಾರಿಗೆ ಬೇರಿಂಗು ಏಕೆ ಬೇಕು? ಕೀಲೆಣ್ಣೆ ಸಾಲದೇ? ಸಣ್ಣದೊಂದು ಲೆಕ್ಕವನ್ನು ಮಾಡೋಣ. ಜನರೂ ಸೇರಿ ೧೦೦೦ ಕಿಲೋಗ್ರಾಂ ತೂಗುವ ಕಾರೊಂದನ್ನು ಎತ್ತಿನ ಗಾಡಿಯಂತೆ ಬರಿಯ ಅಚ್ಚಿನ ಮೇಲೆ ಕೂರಿಸಿದೆವೆಂದು ಭಾವಿಸಿರಿ. ಎಣ್ಣೆಯು ಅಷ್ಟಾಗಿ ಇಲ್ಲದ ಲೋಹಗಳ ನಡುವಣ ಘರ್ಷಣಾಂಕವನ್ನು ೦.೨ ಎಂದು ಹಿಡಿದರೆ, ಅಚ್ಚಿನ ಮೈಯಲ್ಲಿ ಹುಟ್ಟುವ ಘರ್ಷಣೆ ೨೦೦೦ ನ್ಯೂಟನ್. ಆದರೆ ಗಾಲಿಯು ಒಂದು ಬಗೆಯ ಸನ್ನೆಗೋಲು. ಅಚ್ಚಿನ ತ್ರಿಜ್ಯ ೨ ಸೆಂಟಿಮೀಟರು, ಗಾಲಿಯ ತ್ರಿಜ್ಯ ೨೮ ಸೆಂಟಿಮೀಟರು ಆದರೆ, ನೆಲದಲ್ಲಿ ನಾವು ಒದಗಿಸಬೇಕಾದ ಎಳೆತವು ಅದರ ಹದಿನಾಲ್ಕನೆಯ ಒಂದು ಪಾಲು, ಅಂದರೆ ಸುಮಾರು ೧೪೩ ನ್ಯೂಟನ್ ಮಾತ್ರ. ಎತ್ತಿನ ಗಾಡಿಯ ಗಾಲಿಯನ್ನು ಅಷ್ಟು ದೊಡ್ಡದಾಗಿ ಮಾಡುತ್ತಿದ್ದುದರ ಗುಟ್ಟುಗಳಲ್ಲಿ ಇದೂ ಒಂದು. ಇಷ್ಟು ಎಳೆತ ಕಾರಿನ ಎಂಜಿನ್ನಿಗೆ ಹೊರೆಯೇ ಅಲ್ಲ. ತೊಂದರೆ ಇರುವುದು ವೇಗದಲ್ಲಿ. ಗಂಟೆಗೆ ೬೦ ಕಿಲೋಮೀಟರು ಎಂದರೆ ಸೆಕೆಂಡಿಗೆ ೧೬.೭ ಮೀಟರು. ಬಲವನ್ನು ವೇಗದಿಂದ ಗುಣಿಸಿದರೆ ೨೩೮೦ ವಾಟ್. ನಾಲ್ಕು ಗಾಲಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ೬೦೦ ವಾಟ್. ಒಂದೊಂದು ಗಾಲಿಯ ಗುಂಬದೊಳಗೂ ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯೊಂದನ್ನು ಉರಿಯಲು ಬಿಟ್ಟಂತಾಯಿತು! ಯಾವ ಕೀಲೆಣ್ಣೆ ತಾನೇ ಇದನ್ನು ತಾಳೀತು? ಎತ್ತಿನ ಗಾಡಿಯಾದರೋ ನಡೆಯುವ ಮನುಷ್ಯನ ವೇಗವನ್ನು ಮೀರದ ಕಾರಣ ಬದುಕಿಕೊಂಡಿತು. ಅದೇ ಸ್ಥಳದಲ್ಲಿ ಜಾರುವುದರ ಬದಲು ಉರುಳುವ ಗುಂಡುಗಳನ್ನಿಟ್ಟರೆ ಘರ್ಷಣಾಂಕವು ೦.೦೦೧೫ರ ಆಸುಪಾಸಿಗೆ ಇಳಿಯುತ್ತದೆ. ಸೀಲುಗಳ ತಿಕ್ಕಾಟವನ್ನು ಬಿಟ್ಟರೆ ಗಾಲಿಯೊಂದರಲ್ಲಿ ಹುಟ್ಟುವ ಕಾವು ಐದಾರು ವಾಟ್ ಮಾತ್ರ. ಎಂದಮೇಲೆ ಬೇರಿಂಗು ಎಳೆತವನ್ನು ಹಗುರಗೊಳಿಸುವುದಕ್ಕಿಂತ ಮಿಗಿಲಾಗಿ ಕಾವಿನಿಂದ ಗಾಲಿಯನ್ನು ಕಾಯುವ ಸಾಧನ.

ಬೇರಿಂಗಿನ ರಚನೆ ಸರಳ. ಎರಡು ಉಕ್ಕಿನ ಬಳೆಗಳು, ಒಂದರೊಳಗೆ ಇನ್ನೊಂದು. ನಡುವೆ ಗುಂಡುಗಳ ಸಾಲು. ಗುಂಡುಗಳು ಒಂದನ್ನೊಂದು ತಾಗದಂತೆ ಹಿಡಿದಿರುವ ಪಂಜರ. ಗ್ರೀಸು ಹೊರಹೋಗದಂತೆ, ಧೂಳು ಒಳಬಾರದಂತೆ ಎರಡು ಪಕ್ಕದಲ್ಲಿಯೂ ರಬ್ಬರಿನ ಸೀಲು. ಇಂದಿನ ಸಣ್ಣ ಕಾರುಗಳ ಮುಂದಿನ ಗಾಲಿಗಳಲ್ಲಿ ಸಾಮಾನ್ಯವಾಗಿ ಎರಡು ಸಾಲು ಗುಂಡುಗಳಿರುತ್ತವೆ. ಟ್ರ್ಯಾಕ್ಟರಿನ ಮುಂಗಾಲಿಗಳಲ್ಲಿ ಗುಂಡುಗಳ ಬದಲು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುವ ಉರುಳೆಗಳನ್ನು ನೋಡಬಹುದು. ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತ ಸಾರೋಟಿನ ಅಚ್ಚಿಗಾಗಿ ಗುಂಡುಗಳ ಬೇರಿಂಗನ್ನು ಕಲ್ಪಿಸಿ ೧೭೯೪ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಓರೆ ಉರುಳೆಯ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕೆನ್ ಪೇಟೆಂಟ್ ಪಡೆದುದು ೧೮೯೮ರಲ್ಲಿ. ಅಚ್ಚು ಕೊಂಚ ಓರೆಯಾದರೂ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಬಟ್ಟೆ ಗಿರಣಿಯ ಎಂಜಿನಿಯರು ೧೯೦೭ರಲ್ಲಿ ರೂಪಿಸಿದನು. ಅವನು ಅದೇ ವರ್ಷ ಸ್ಥಾಪಿಸಿದ ಎಸ್.ಕೆ.ಎಫ್. ಕಂಪೆನಿಯ ಕಾರ್ಖಾನೆಯೊಂದು ನಮ್ಮ ಬೆಂಗಳೂರಿನಲ್ಲಿಯೂ ಇದೆ.

ಗುಂಡು ಬಳೆಯನ್ನು ಮುಟ್ಟುವುದು ಒಂದು ಬಿಂದುವಿನಲ್ಲಿ ಎಂದು ರೇಖಾಗಣಿತ ಹೇಳುತ್ತದೆ. ಹಾಗಿದ್ದರೆ ಅಲ್ಲಿ ಒತ್ತಡವು ಅನಂತವಾಗಬೇಕಷ್ಟೆ? ವಾಸ್ತವದಲ್ಲಿ ಎರಡೂ ಮೈಗಳು ಸ್ಥಿತಿಸ್ಥಾಪಕವಾಗಿ ತುಸು ಚಪ್ಪಟೆಯಾಗಿ, ಎಳ್ಳುಕಾಳಿನಷ್ಟು ಜಾಗದಲ್ಲಿ ಭಾರವನ್ನು ಹೊರುತ್ತವೆ. ಆ ಜಾಗದ ಗಾತ್ರವನ್ನೂ ಒತ್ತಡವನ್ನೂ ಮೊದಲು ಗಣಿಸಿದವನು ಹೈನ್‌ರಿಕ್ ಹರ್ಟ್ಸ್. ರೇಡಿಯೋ ತರಂಗಗಳನ್ನು ತೋರಿಸಿಕೊಟ್ಟ ಮಹನೀಯನೇ ಈತ. ಆ ಕೆಲಸಕ್ಕೂ ಕೆಲವು ವರ್ಷಗಳ ಮುಂಚೆ, ಇಪ್ಪತ್ತೈದರ ಆಸುಪಾಸಿನ ಪ್ರಾಯದಲ್ಲಿ, ೧೮೮೨ರ ವೇಳೆಗೆ ಸ್ಥಿತಿಸ್ಥಾಪಕ ವಸ್ತುಗಳ ಸ್ಪರ್ಶವನ್ನು ಕುರಿತ ಈ ಸಿದ್ಧಾಂತವನ್ನು ಪ್ರಕಟಿಸಿದ್ದನು. ಅವನ ಸೂತ್ರದಂತೆ ಲೆಕ್ಕಹಾಕಿದರೆ ಓಡುತ್ತಿರುವ ಬೇರಿಂಗಿನೊಳಗಿನ ಒತ್ತಡವು ಸಾಮಾನ್ಯವಾಗಿ ಹತ್ತು ಸಾವಿರ ವಾಯುಭಾರಗಳನ್ನು ಮೀರುತ್ತದೆ. ಸುಮಾರು ೪೨೦೦ ಮೆಗಾಪಾಸ್ಕಲಿನವರೆಗೆ, ಅಂದರೆ ನಾಲ್ವತ್ತು ಸಾವಿರಕ್ಕೂ ಮೇಲ್ಪಟ್ಟ ವಾಯುಭಾರದವರೆಗೆ, ಈ ಉಕ್ಕು ತಾಳಿಕೊಳ್ಳುವುದೆಂದು ತಯಾರಕರು ಪರಿಗಣಿಸುತ್ತಾರೆ. ಅದನ್ನು ದಾಟಿದರೆ ಬಳೆಯ ಮೇಲೆ ಗುಂಡಿನ ಅಚ್ಚೊತ್ತಿ, ಆ ಗುಳಿ ಶಾಶ್ವತವಾಗಿ ಉಳಿಯುತ್ತದೆ. ವೇಗವಾಗಿ ಬರುತ್ತ ರಸ್ತೆಯ ಹೊಂಡದ ಅಂಚಿಗೆ ಗಾಲಿಯನ್ನು ಅಪ್ಪಳಿಸಿದಾಗ ಆಗುವುದು ಇದೇ.

ಆದರೆ ಹೊಂಡಗಳಿಲ್ಲದ ರಸ್ತೆಯಲ್ಲಿಯೂ ಬೇರಿಂಗು ಚಿರಂಜೀವಿಯಲ್ಲ. ಗಾಲಿಯ ಸುತ್ತಳತೆ ೧.೮ ಮೀಟರೆಂದರೆ ಕಿಲೋಮೀಟರಿಗೆ ೫೫೬ ಸುತ್ತು. ಲಕ್ಷ ಕಿಲೋಮೀಟರಿಗೆ ಐದೂವರೆ ಕೋಟಿ ಸುತ್ತು. ಪ್ರತಿ ಸುತ್ತಿನಲ್ಲಿಯೂ ಹಲವು ಗುಂಡುಗಳು ಒಂದೇ ಜಾಗವನ್ನು ಒತ್ತಿ ಬಿಡುತ್ತವೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ಮುರಿಯುವುದಲ್ಲವೆ? ಹಾಗೆಯೇ ಇಲ್ಲಿಯೂ ಲೋಹ ದಣಿಯುತ್ತದೆ. ವಿಚಿತ್ರವೆಂದರೆ ಬಿರುಕು ಬಹುವೇಳೆ ಹುಟ್ಟುವುದು ಮೇಲ್ಮೈಯಲ್ಲಿ ಅಲ್ಲ, ಕೂದಲೆಳೆಯ ದಪ್ಪದಷ್ಟು ಒಳಗೆ. ಏಕೆಂದರೆ ಉಕ್ಕಿನ ಪದರಗಳನ್ನು ಒಂದರ ಮೇಲೊಂದು ಜಾರಿಸಲೆಳಸುವ ಬಲವು ಅತ್ಯಧಿಕವಾಗಿರುವುದು ಅಲ್ಲಿಯೇ. ಒಳಗಿನ ಬಿರುಕು ಬೆಳೆದು ಮೇಲಕ್ಕೆ ಬಂದಾಗ, ಗೋಡೆಯ ಗಾರೆ ಉದುರುವಂತೆ ಉಕ್ಕಿನ ಚಿಕ್ಕ ಹಕ್ಕಳೆಯೊಂದು ಎದ್ದುಹೋಗುತ್ತದೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬಿಬ್ಬರು ೧೯೪೭ರಲ್ಲಿ ಈ ದಣಿವಿನ ಲೆಕ್ಕವನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಅದರ ಪ್ರಕಾರ ಗುಂಡಿನ ಬೇರಿಂಗಿನ ಆಯುಸ್ಸು ಭಾರದ ಘನಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಭಾರವನ್ನು ಎರಡು ಪಟ್ಟು ಮಾಡಿದರೆ ಆಯುಸ್ಸು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ! ಸಂತೆಯ ದಿನ ಜೀಪಿನ ಹಿಂದೆ ನಿಂತು, ಮೇಲೆ ಕುಳಿತು ಸಾಗುವ ಜನರನ್ನು ಕಂಡಾಗಲೆಲ್ಲ ನನಗೆ ಈ ಘನ ನೆನಪಿಗೆ ಬರುತ್ತದೆ.

ಇದಿಷ್ಟು ಪುಸ್ತಕದ ಲೆಕ್ಕ. ನಮ್ಮ ಸೀಮೆಯಲ್ಲಿ ಬೇರಿಂಗುಗಳು ದಣಿದು ಸಾಯುವುದಕ್ಕಿಂತ ಧೂಳು ನೀರುಗಳಿಂದ ಸಾಯುವುದೇ ಹೆಚ್ಚೆಂಬುದು ಗ್ಯಾರೇಜಿನವರ ಅನುಭವ. ಮೂರು ಊರುಗಳೂ ಒಂದಕ್ಕೊಂದು ಹತ್ತಿರದಲ್ಲಿದ್ದರೂ ನೆಲ ಬೇರೆ ಬೇರೆ. ಕಡೂರಿನದು ತೆಂಗು ರಾಗಿಗಳ ಬಯಲು, ಮಳೆ ಕಡಿಮೆ, ಧೂಳು ಧಾರಾಳ. ಅಜ್ಜಂಪುರದ ಸುತ್ತ ಈರುಳ್ಳಿ ಬೆಳೆಯುವ ಕರಿಯ ಎರೆನೆಲ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡದು. ತರೀಕೆರೆಯಿಂದ ಲಿಂಗದಹಳ್ಳಿಯನ್ನು ದಾಟಿದರೆ ಮಲೆನಾಡಿನ ಕೆಮ್ಮಣ್ಣು, ಕಲ್ಲತ್ತಿಗಿರಿಯ ಜಲಪಾತ, ಸುಮಾರು ೧೪೩೦ ಮೀಟರು ಎತ್ತರದ ಕೆಮ್ಮಣ್ಣುಗುಂಡಿಯವರೆಗೂ ತಿರುವಿನ ಮೇಲೆ ತಿರುವು. ಧೂಳಿನಲ್ಲಿರುವ ಮರಳಿನ ಕಣವು ಬೇರಿಂಗಿನ ಉಕ್ಕಿಗಿಂತಲೂ ಗಡುಸು. ಹರಿದ ಸೀಲಿನ ಸಂದಿಯಲ್ಲಿ ಒಂದು ಚಿಟಿಕೆ ಒಳಹೊಕ್ಕರೆ ಗ್ರೀಸು ಸಾಣೆಯ ಹಿಟ್ಟಾಗುತ್ತದೆ.

ನೀರು ಒಳಹೋಗುವ ಬಗೆ ಇನ್ನೂ ಸ್ವಾರಸ್ಯವಾಗಿದೆ. ದೂರ ಓಡಿ ಬಂದ ಕಾರಿನ ಗುಂಬವು, ಬ್ರೇಕಿನ ಕಾವೂ ಸೇರಿ, ೭೦ ಡಿಗ್ರಿ ಸೆಂಟಿಗ್ರೇಡಿಗೆ ಏರಿದೆಯೆಂದು ಹಿಡಿಯಿರಿ. ಚಾಲಕನು ಅದನ್ನು ನೇರವಾಗಿ ಕೆರೆಯ ನೀರಿಗಿಳಿಸಿ ತೊಳೆಯತೊಡಗುತ್ತಾನೆ. ಒಳಗಿನ ಗಾಳಿಯು ೩೪೩ ಕೆಲ್ವಿನ್ನಿನಿಂದ ೨೯೮ ಕೆಲ್ವಿನ್ನಿಗೆ ತಣ್ಣಗಾಗುತ್ತದೆ. ಹೊರಗಿನ ಗಾಳಿ ಒಳಬಾರದಿದ್ದರೆ ಒಳಗಿನ ಒತ್ತಡವು ಅದೇ ಪ್ರಮಾಣದಲ್ಲಿ, ಅಂದರೆ ನೂರಕ್ಕೆ ೧೩ರಷ್ಟು ಇಳಿಯಬೇಕು. ಈಗ ಹೊರಗಿನ ವಾಯುಭಾರವು ಸೀಲಿನ ತುಟಿಯನ್ನು ಒಳಕ್ಕೆ ಒತ್ತುತ್ತದೆ. ಆ ತುಟಿಯ ಬಳಿ ಇರುವುದು ಗಾಳಿಯಲ್ಲ, ಕೆರೆಯ ನೀರು. ಸೀಲು ಹಳೆಯದಾಗಿದ್ದರೆ ಬೇರಿಂಗು ತಾನೇ ನೀರನ್ನು ಹೀರಿಕೊಂಡಂತಾಯಿತು. ಗಾಡಿಯನ್ನು ತೊಳೆಯುವ ಮುನ್ನ ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಬೇಕೆಂದು ಹಳೆಯ ಚಾಲಕರು ಹೇಳುವ ಮಾತಿನ ಹಿಂದೆ ಅನಿಲ ನಿಯಮವಿದೆ.

ಇನ್ನು ದನಿಯ ವಿಷಯಕ್ಕೆ ಬರೋಣ. ಉಕ್ಕಿನ ಹಕ್ಕಳೆ ಎದ್ದುಹೋದ ಗುಳಿಯ ಮೇಲೆ ಒಂದೊಂದು ಗುಂಡು ಹಾಯುವಾಗಲೂ ಒಂದು ಸಣ್ಣ ತಟ್ಟು. ಸೆಕೆಂಡಿಗೆ ಎಷ್ಟು ತಟ್ಟು? ಬೇರಿಂಗಿನಲ್ಲಿ ಸಾಲಿಗೆ ೧೨ ಗುಂಡುಗಳಿದ್ದರೆ, ಗಾಲಿ ಒಂದು ಸುತ್ತು ಬಂದಾಗ ೧೨ ತಟ್ಟು ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸುವರು. ಉತ್ತರ ಸರಿಯಲ್ಲ. ದೊಡ್ಡ ಬಂಡೆಯನ್ನು ಮರದ ಕೊರಡುಗಳ ಮೇಲೆ ಉರುಳಿಸಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ಬಂಡೆ ಎರಡು ಮಾರು ಮುಂದಕ್ಕೆ ಹೋದರೆ ಅಡಿಯ ಕೊರಡು ಒಂದು ಮಾರು ಮಾತ್ರ ಹೋಗುತ್ತದೆ. ಆದುದರಿಂದಲೇ ಹಿಂದೆ ಉಳಿದ ಕೊರಡನ್ನು ಎತ್ತಿ ಮತ್ತೆ ಮುಂದಕ್ಕೆ ಹಾಕಬೇಕಾಗುತ್ತದೆ. ಬೇರಿಂಗಿನಲ್ಲಿ ತಿರುಗುವ ಬಳೆ ಬಂಡೆಯಂತೆ, ತಿರುಗದ ಬಳೆ ನೆಲದಂತೆ, ಗುಂಡುಗಳು ಕೊರಡುಗಳಂತೆ. ಮುಂಗಾಲಿಯ ಬೇರಿಂಗಿನಲ್ಲಿ ತಿರುಗುವುದು ಒಳಬಳೆ. ಅದರ ಸುತ್ತಳತೆ ಕಡಿಮೆಯಾದ ಕಾರಣ ಗುಂಡುಗಳ ಸಾಲು ಅರ್ಧ ಸುತ್ತಿಗಿಂತಲೂ ತುಸು ಹಿಂದುಳಿದು, ಗಾಲಿಯ ಒಂದು ಸುತ್ತಿಗೆ ಸುಮಾರು ೦.೪೨ ಸುತ್ತು ಬರುತ್ತದೆ. ಹಾಗಾಗಿ ತಿರುಗದ ಹೊರಬಳೆಯಲ್ಲಿ ಗುಳಿಯಿದ್ದರೆ ಸುತ್ತಿಗೆ ೧೨ರ ೦.೪೨ರಷ್ಟು, ಅಂದರೆ ಸುಮಾರು ೫ ತಟ್ಟು. ಗುಳಿಯು ಒಳಬಳೆಯಲ್ಲಿದ್ದರೆ ಸುಮಾರು ೭. ಎರಡನ್ನೂ ಕೂಡಿಸಿದರೆ ಗುಂಡುಗಳ ಸಂಖ್ಯೆಯೇ ಬರುವುದನ್ನು ಗಮನಿಸಿರಿ. ಇದು ಆಕಸ್ಮಿಕವಲ್ಲ, ಯಾವ ಬೇರಿಂಗಿಗಾದರೂ ಹೀಗೆಯೇ. ಕಾರಣವನ್ನು ವಾಚಕರೇ ಯೋಚಿಸಲಿ.

ಗಂಟೆಗೆ ೬೦ ಕಿಲೋಮೀಟರಿನಲ್ಲಿ ಗಾಲಿಯು ಸೆಕೆಂಡಿಗೆ ಒಂಬತ್ತು ಸುತ್ತು ಚಿಲ್ಲರೆ ಬರುತ್ತದೆ. ಆದ್ದರಿಂದ ಹೊರಬಳೆಯ ಗುಳಿಯು ಸೆಕೆಂಡಿಗೆ ಸುಮಾರು ೪೭ ಸಲ, ಒಳಬಳೆಯದು ೬೪ ಸಲ ತಟ್ಟುತ್ತದೆ. ಇಷ್ಟು ಬೇಗನೆ ಬೀಳುವ ತಟ್ಟುಗಳನ್ನು ಕಿವಿ ಬಿಡಿಬಿಡಿಯಾಗಿ ಕೇಳಲಾರದು. ಅವೆಲ್ಲ ಕೂಡಿ, ಗಾಲಿಯ ಲೋಹವನ್ನೂ ಕಾರಿನ ತಗಡನ್ನೂ ಕಂಪಿಸಿ, ತಗ್ಗು ಶ್ರುತಿಯ ‘ಗುಂಯ್’ ಎಂಬ ನಾದವಾಗುತ್ತವೆ. ಇದೇ ಲೆಕ್ಕವನ್ನು ಬೇರೆ ದೋಷಗಳಿಗೂ ಹೂಡಬಹುದು. ಗಾಲಿಯ ತೂಕ ಒಂದು ಪಕ್ಕಕ್ಕೆ ಹೆಚ್ಚಾಗಿದ್ದರೆ ಸುತ್ತಿಗೆ ಒಂದು ಸಲ, ಸೆಕೆಂಡಿಗೆ ಒಂಬತ್ತು ಸಲ ಅದುರುತ್ತದೆ. ಅದನ್ನು ಕಿವಿಯಲ್ಲ, ಸ್ಟಿಯರಿಂಗ್ ಹಿಡಿದ ಕೈ ಅರಿಯುತ್ತದೆ. ಟಯರಿನ ಸುತ್ತ ಅರವತ್ತೆಪ್ಪತ್ತು ಕಚ್ಚುಗಳಿದ್ದರೆ ಸೆಕೆಂಡಿಗೆ ಸುಮಾರು ೬೦೦ ತಟ್ಟಾಗಿ, ನಾದವು ಏರು ಶ್ರುತಿಯದಾಗುತ್ತದೆ. ಅಂತೂ ಮೂರು ದೋಷಗಳಿಗೆ ಮೂರು ಶ್ರುತಿಗಳು. ಈಗ ಮೊಬೈಲ್ ಫೋನಿನಲ್ಲಿ ನಾದವನ್ನು ಆವೃತ್ತಿಗಳಾಗಿ ಬಿಡಿಸಿ ತೋರಿಸುವ ತಂತ್ರಾಂಶಗಳು ದೊರೆಯುತ್ತವೆ. ಚಾಲಕನಲ್ಲ, ಪಕ್ಕದಲ್ಲಿ ಕುಳಿತವರು ಫೋನನ್ನು ಹಿಡಿದು ೪೦ ಮತ್ತು ೬೦ ಕಿಲೋಮೀಟರ್ ವೇಗಗಳಲ್ಲಿ ನೋಡಲಿ. ಫೋನಿನ ಕಿವಿ ತಗ್ಗು ಶ್ರುತಿಗೆ ಮಂದವಾದ್ದರಿಂದ ೪೭ರ ಬದಲು ಅದರ ಎರಡರಷ್ಟು, ಮೂರರಷ್ಟು ಆವೃತ್ತಿಗಳು ಎದ್ದು ಕಾಣಬಹುದು. ವೇಗವು ಮೂರನೆಯ ಎರಡು ಪಾಲಿಗೆ ಇಳಿದಾಗ ಆ ಶಿಖರವೂ ಮೂರನೆಯ ಎರಡು ಪಾಲಿಗೆ ಸರಿದರೆ, ದನಿಯ ಮೂಲ ತಿರುಗುವ ಗಾಲಿಯೆಂಬುದು ಸ್ಥಿರವಾಯಿತು.

ಫೋನಿಲ್ಲದೆಯೂ ಇದನ್ನು ಅರಿಯುವ ಬಗೆಯುಂಟು. ನಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಕಡೂರಿನ ಗ್ಯಾರೇಜೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕರು ದನಿ ಮಾಡುತ್ತಿದ್ದ ಕಾರೊಂದಕ್ಕೆ ನಮ್ಮನ್ನು ಹತ್ತಿಸಿಕೊಂಡು ಹೆದ್ದಾರಿಗೆ ಬಂದರು. ನೇರವಾದ, ಬರಿದಾದ ರಸ್ತೆ ಸಿಕ್ಕೊಡನೆ ಗೇರನ್ನು ನ್ಯೂಟ್ರಲ್ಲಿಗೆ ತಂದರು. ಎಂಜಿನ್ನಿನ ಸದ್ದು ಇಳಿಯಿತು. ‘ಗುಂಯ್’ ಮಾತ್ರ ಹಾಗೆಯೇ ಉಳಿಯಿತು.

“ನೋಡಿ ಮೇಷ್ಟ್ರೇ, ಎಂಜಿನ್ನು ಗೇರ್‌ಬಾಕ್ಸು ಎರಡೂ ಅಲ್ಲ ಅಂತ ಆಯ್ತು. ಈಗ ಕಿವಿಗೊಟ್ಟು ಕೇಳಿ,” ಎಂದು ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದರು. ಎಡಕ್ಕೆ ತಿರುವಿದಾಗ ದನಿ ಏರಿತು. ಬಲಕ್ಕೆ ತಿರುವಿದಾಗ ಅಡಗಿತು.

“ಹಾಗಾದ್ರೆ ಎಡಗಡೆ ಗಾಲಿ ಕೆಟ್ಟಿದೆಯಾ ಅಣ್ಣಾ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ.

“ಅಲ್ಲ ಕಣಪ್ಪಾ, ಬಲಗಡೇದು. ಯಾಕೆ ಅಂತ ನಿಮ್ಮ ಮೇಷ್ಟ್ರನ್ನ ಕೇಳು.”

ಎಡಕ್ಕೆ ತಿರುಗುವ ಕಾರಿನ ಭಾರವು ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಬಸ್ಸು ತಿರುಗುವಾಗ ನಾವು ಹೊರಕ್ಕೆ ವಾಲುವಂತೆಯೇ ಇದು. ಎಷ್ಟು ಬೀಳುತ್ತದೆಂದು ನೋಡೋಣ. ೫೦ ಮೀಟರು ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ ೧೦ ಮೀಟರು ವೇಗದಲ್ಲಿ ಹೋದರೆ ಕೇಂದ್ರದ ಕಡೆಗಿನ ವೇಗೋತ್ಕರ್ಷ ೨. ನಮ್ಮ ೧೦೦೦ ಕಿಲೋಗ್ರಾಮಿನ ಕಾರಿಗೆ ಬೇಕಾದ ಬಲ ೨೦೦೦ ನ್ಯೂಟನ್. ಗುರುತ್ವಕೇಂದ್ರವು ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದ್ದು, ಎಡಬಲ ಗಾಲಿಗಳ ನಡುವಣ ದೂರ ೧.೨೫ ಮೀಟರಾದರೆ, ೮೦೦ ನ್ಯೂಟನ್, ಅಂದರೆ ಸುಮಾರು ೮೦ ಕಿಲೋಗ್ರಾಮಿನ ಭಾರವು ಎಡದಿಂದ ಬಲಕ್ಕೆ ವರ್ಗವಾಗುತ್ತದೆ. ಇಷ್ಟಕ್ಕೇ ದನಿ ಅಷ್ಟೊಂದು ಏರಬೇಕೆ? ಇಲ್ಲಿ ಇನ್ನೊಂದು ಸಂಗತಿಯಿದೆ. ಕಾರನ್ನು ಎಡಕ್ಕೆ ತಳ್ಳುವ ಬಲವು ಟಯರಿನ ಬುಡದಲ್ಲಿ, ಗಾಲಿಯ ನಡುವಿನಿಂದ ೨೮ ಸೆಂಟಿಮೀಟರು ಕೆಳಗೆ ವರ್ತಿಸುತ್ತದೆ. ಬಲ ಮುಂಗಾಲಿಯ ಪಾಲಿಗೆ ಬರುವ ಸುಮಾರು ೫೮೦ ನ್ಯೂಟನ್ ಬಲವು ಇಡೀ ಗಾಲಿಯನ್ನು ಸನ್ನೆಗೋಲಿನಂತೆ ಬೇರಿಂಗಿನ ಮೇಲೆ ತಿರುಚುತ್ತದೆ. ಈ ತಿರುಚನ್ನು ತಡೆಯುವ ಎರಡು ಸಾಲು ಗುಂಡುಗಳ ನಡುವೆ ೫ ಸೆಂಟಿಮೀಟರು ಅಂತರವೆಂದರೂ, ಒಂದೊಂದು ಸಾಲಿನ ಮೇಲೆ ೩೦೦೦ ನ್ಯೂಟನ್ನಿಗೂ ಮಿಗಿಲಾದ ಒತ್ತು. ಆ ಗಾಲಿಯು ಹೊತ್ತ ಕಾರಿನ ಭಾರವೇ ೨೯೦೦ ನ್ಯೂಟನ್! ತಿರುವಿನಲ್ಲಿ ಬೇರಿಂಗು ಎರಡು ಕಾರುಗಳನ್ನು ಹೊತ್ತಂತೆ ನರಳುತ್ತದೆ. ನೇರವಾದ ಹೆದ್ದಾರಿಗಿಂತ ಘಟ್ಟದ ರಸ್ತೆ ಅದರ ಆಯುಸ್ಸನ್ನು ಬೇಗನೆ ತಿನ್ನುವುದೂ ಇದರಿಂದಲೇ.

ಆದರೂ ಈ ಪರೀಕ್ಷೆಯೊಂದನ್ನೇ ನೆಚ್ಚಿ ಬೇರಿಂಗನ್ನು ಕೀಳಬಾರದು. ಟಯರು ಅಲೆಅಲೆಯಾಗಿ ಸವೆದಿದ್ದರೆ ಅದೂ ಇದೇ ಬಗೆಯ ತಗ್ಗು ನಾದವನ್ನು ಹೊರಡಿಸುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ದನಿಯ ಬಗೆ ಬದಲಾದರೆ ಟಯರಿನ ಮೇಲೆ ಗುಮಾನಿ. ಬದಲಾಗದಿದ್ದರೆ ಬೇರಿಂಗಿನ ಮೇಲೆ. ಮುಂದಿನ ಟಯರನ್ನು ಹಿಂದಕ್ಕೆ ಹಾಕಿ ನೋಡಿದರೆ ಖರ್ಚಿಲ್ಲದೆ ಸಂಶಯ ತೀರುತ್ತದೆ.

ಗ್ಯಾರೇಜಿಗೆ ಮರಳಿದ ಮೇಲೆ ಕಾರಿನ ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಜಾಕನ್ನೊಂದನ್ನೇ ನಂಬಿ ಗಾಡಿಯ ಅಡಿಗೆ ಯಾರೂ ಎಂದಿಗೂ ಹೋಗಕೂಡದು. ಗಾಲಿಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಿಸಿದಾಗ ‘ಟಕ್’ ಎಂದು ಆಡಿತು. ಆಟವಿದ್ದಮಾತ್ರಕ್ಕೆ ಬೇರಿಂಗೇ ಸಡಿಲವೆನ್ನುವಂತಿಲ್ಲ. ಕೆಳಗಿನ ಬಾಲ್ ಜಾಯಿಂಟು ಸವೆದಿದ್ದರೂ ಹೀಗಾಗುತ್ತದೆ. ಆದಕಾರಣ ಒಬ್ಬನನ್ನು ಒಳಗೆ ಕೂರಿಸಿ ಬ್ರೇಕನ್ನು ಒತ್ತಿಸಿದರು. ಬ್ರೇಕು ಒತ್ತಿದಾಗ ತಿರುಗುವ ಭಾಗವೂ ತಿರುಗದ ಭಾಗವೂ ಒಂದಾಗಿ, ನಡುವಣ ಬೇರಿಂಗಿನ ಆಟ ಮಾಯವಾಗುತ್ತದೆ. ಬಾಲ್ ಜಾಯಿಂಟಿನ ಆಟವಾಗಿದ್ದರೆ ಉಳಿಯುತ್ತದೆ. ಇಲ್ಲಿ ಮಾಯವಾಯಿತು. ಬಳಿಕ ಬ್ರೇಕನ್ನು ಬಿಡಿಸಿ, ಒಂದು ಕೈಯಿಂದ ಗಾಲಿಯನ್ನು ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಡಲು ಹುಡುಗರಿಗೆ ಹೇಳಿದರು. ರಾಗಿ ಬೀಸುವ ಕಲ್ಲಿನಂತೆ ಗರಗರ ಎನ್ನುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡವರಿಗಂತೂ ಇನ್ನೂ ಚೆನ್ನಾಗಿ ಕೇಳಿಸಿತು. ಫ್ರಾನ್ಸಿನ ವೈದ್ಯ ಲೆನೆಕ್ ೧೮೧೬ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಾನಿಸಿ ಆಲಿಸಿದುದೂ ಇದೇ ಉಪಾಯದಿಂದ.

ಮುಟ್ಟಿ ನೋಡುವುದು ಇನ್ನೊಂದು ವಿಧಾನ. ಓಡಿ ಬಂದೊಡನೆ ಎಡಬಲ ಗುಂಬಗಳ ಹತ್ತಿರ ಅಂಗೈಯನ್ನು ತಂದರೆ ಕೆಟ್ಟದ್ದು ಹೆಚ್ಚು ಬಿಸಿಯಾಗಿರುವುದು ತಿಳಿಯಬಹುದು. ಬ್ರೇಕು ಹಿಡಿದುಕೊಂಡಿದ್ದರೂ ಬಿಸಿಯಾಗುವುದೆಂಬುದನ್ನು ಮರೆಯಬಾರದು. ಈ ವಿಧಾನಕ್ಕೆ ರೈಲ್ವೆಯಲ್ಲಿ ದೊಡ್ಡ ಪರಂಪರೆಯಿದೆ. ಕಡೂರು, ಬೀರೂರು, ಅಜ್ಜಂಪುರಗಳು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಮೇಲಿವೆ; ತರೀಕೆರೆಯು ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆಯುವ ದಾರಿಯಲ್ಲಿದೆ. ನಿಲ್ಲದೆ ಹಾಯುವ ರೈಲಿಗೆ ನಿಲ್ದಾಣದ ಸಿಬ್ಬಂದಿ ಬಾವುಟ ಹಿಡಿದು ನಿಲ್ಲುವುದನ್ನು ನೀವು ಕಂಡಿರಬಹುದು. ಅವರು ಬರಿದೆ ವಂದಿಸಲು ನಿಂತವರಲ್ಲ. ಯಾವುದಾದರೂ ಗಾಲಿಯ ಅಚ್ಚು ಕಾದು ಹೊಗೆಯಾಡುತ್ತಿದೆಯೇ, ಕೆಂಪಗಾಗಿದೆಯೇ, ಏನಾದರೂ ಜೋತುಬಿದ್ದಿದೆಯೇ ಎಂದು ಸಾಲುಸಾಲಾಗಿ ಪರೀಕ್ಷಿಸುತ್ತಾರೆ. ಕಾದ ಅಚ್ಚು ಮುರಿದರೆ ಇಡೀ ರೈಲು ಹಳಿ ತಪ್ಪೀತು. ಹಳೆಯ ವ್ಯಾಗನ್ನುಗಳಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ನೂಲಿನಿಂದ ಅಚ್ಚಿಗೆ ಜಿಡ್ಡು ಉಣಿಸುತ್ತಿದ್ದ ಕಾಲದಲ್ಲಿ ಇಂಥ ಕಾಯುವಿಕೆ ಸಾಮಾನ್ಯವಾಗಿತ್ತು. ಈಗ ಉರುಳೆಯ ಬೇರಿಂಗುಗಳು ಬಂದು ಅದು ವಿರಳವಾಗಿದೆ. ಅವಕೆಂಪು ಕಿರಣಗಳಿಂದ ಕಾವನ್ನು ಅಳೆಯುವ ಯಂತ್ರಗಳನ್ನೂ ಹಳಿಗಳ ಪಕ್ಕದಲ್ಲಿ ಇಡುವುದುಂಟು.

ಕೆಟ್ಟ ಬೇರಿಂಗನ್ನು ರಿಪೇರಿ ಮಾಡಲಾಗದು, ಬದಲಾಯಿಸಲೇಬೇಕು. ಟ್ರ್ಯಾಕ್ಟರಿನ ಓರೆ ಉರುಳೆಯ ಬೇರಿಂಗಾದರೆ ಕೆಲಸ ಸುಲಭ. ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಉರುಳೆಗಳು ನೆಲೆಗೊಂಡ ಮೇಲೆ ಸ್ವಲ್ಪ ಹಿಂದಕ್ಕೆ ಸಡಿಲಿಸಿ, ಪಿನ್ನು ಹಾಕುತ್ತಾರೆ. ಬಿಗಿ ಹೆಚ್ಚಾದರೆ ಕಾವು, ಕಡಿಮೆಯಾದರೆ ಓಲಾಟ. ಕಾರಿನ ಮುಂಗಾಲಿಯದು ಹಾಗಲ್ಲ. ಅಲ್ಲಿ ಬೇರಿಂಗು ತನ್ನ ಮನೆಯೊಳಗೆ, ತನಗಿಂತ ಕೂದಲೆಳೆಯಷ್ಟು ಕಿರಿದಾದ ರಂಧ್ರದಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಅದನ್ನು ಹೊರಡಿಸಲೂ ಕೂರಿಸಲೂ ಪ್ರೆಸ್ ಯಂತ್ರ ಬೇಕು. ಇಲ್ಲಿರುವ ಪ್ರಧಾನ ನಿಯಮವೊಂದೇ. ಮನೆಯೊಳಗೆ ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಬಳಿಕ ಗುಂಬವನ್ನು ಸೇರಿಸುವಾಗ ಒಳಬಳೆಗೆ ಆಸರೆ ಕೊಟ್ಟು ಒತ್ತಬೇಕು. ಮರೆತು ಇನ್ನೊಂದು ಬಳೆಯನ್ನು ಒತ್ತಿದರೆ, ಪ್ರೆಸ್ಸಿನ ಟನ್ನುಗಟ್ಟಲೆ ಬಲವೆಲ್ಲ ಎಳ್ಳುಕಾಳಿನಷ್ಟು ಜಾಗಗಳ ಮೂಲಕ ಗುಂಡುಗಳನ್ನು ಹಾದುಹೋಗುತ್ತದೆ. ಹರ್ಟ್ಸ್‌ನ ಲೆಕ್ಕ ಇಲ್ಲಿ ಕರುಣೆ ತೋರದು. ಹೊಸ ಬೇರಿಂಗಿನಲ್ಲಿ ಗುಳಿಗಳು ಬಿದ್ದು, ಕಾರು ಹೊರಟ ಮೊದಲ ದಿನವೇ ‘ಗುಂಯ್’ ಎನ್ನುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗುಗಳು ವರ್ಷ ತುಂಬುವ ಮೊದಲೇ ಮರಳಿ ಬರುವುದು ಇದರಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೇರಿಂಗನ್ನು ಅಚ್ಚಿನ ಮೇಲೆ ಏರಿಸಬೇಕಾದಲ್ಲಿ ಕಾವಿನ ಸಹಾಯವನ್ನು ಪಡೆಯಬಹುದು. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ ೧೨ ಪಾಲು ಹಿಗ್ಗುತ್ತದೆ. ೬೦ ಮಿಲಿಮೀಟರು ವ್ಯಾಸದ ಬಳೆಯನ್ನು ೮೦ ಡಿಗ್ರಿಯಷ್ಟು ಹೆಚ್ಚು ಬಿಸಿಮಾಡಿದರೆ ರಂಧ್ರವು ೦.೦೫೮ ಮಿಲಿಮೀಟರು ಅಗಲವಾಗುತ್ತದೆ. ಇಷ್ಟು ಸಾಕು. ಸೀಲೂ ಗ್ರೀಸೂ ತುಂಬಿ ಬಂದ ಬೇರಿಂಗಿಗೆ ಮಾತ್ರ ಇಷ್ಟು ಕಾವು ಹಿತವಲ್ಲ. ಅದಕ್ಕೆ ಪ್ರೆಸ್ಸೇ ಸರಿ. ಜ್ವಾಲೆಯನ್ನಂತೂ ಯಾವ ಬೇರಿಂಗಿಗೂ ತೋರಿಸಬಾರದು. ಉಕ್ಕಿನ ಹದವೇ ಕೆಡುತ್ತದೆ. ಈಚಿನ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಪಕ್ಕದ ಸೀಲಿನಲ್ಲಿ ಗಾಲಿಯ ವೇಗವನ್ನು ತಿಳಿಸುವ ಕಾಂತದ ಪಟ್ಟಿ ಇರುತ್ತದೆ. ಅದನ್ನು ತಿರುವುಮುರುವಾಗಿ ಕೂರಿಸಿದರೆ ಬ್ರೇಕಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ.

ಕೊನೆಯದು ಅಚ್ಚಿನ ದೊಡ್ಡ ನಟ್ಟು. ಎರಡು ಹೋಳಾಗಿರುವ ಒಳಬಳೆಯನ್ನು ಒಂದಾಗಿ ಹಿಡಿದಿರುವುದು ಇದೇ. ಆದುದರಿಂದ ಇದು ಸಡಿಲವಾಗಿರುವಾಗ ಕಾರನ್ನು ಗಾಲಿಯ ಮೇಲೆ ನಿಲ್ಲಿಸುವುದಾಗಲಿ ತಳ್ಳುವುದಾಗಲಿ ಸಲ್ಲದು. ಬಿಗಿಯಬೇಕಾದ ಪ್ರಮಾಣವು ಸಣ್ಣ ಕಾರುಗಳಲ್ಲಿ ೨೦೦ ನ್ಯೂಟನ್-ಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಗೆ ೨೦ ಕಿಲೋಗ್ರಾಮಿನ ತೂಕವನ್ನು ನೇತುಹಾಕಿದಷ್ಟು. ಮಾದರಿಯಿಂದ ಮಾದರಿಗೆ ಇದು ಬೇರೆಯಾದ್ದರಿಂದ ಕಾರಿನ ಕೈಪಿಡಿಯನ್ನು ನೋಡಿಯೇ, ಬಲವನ್ನು ಅಳೆದು ತೋರಿಸುವ ಸ್ಪಾನರಿನಿಂದ ಬಿಗಿಯಬೇಕು. ‘ಕೈಗೆ ಗೊತ್ತು’ ಎಂಬ ಮಾತು ಇಲ್ಲಿ ನಡೆಯದು. ವಿದ್ಯಾರ್ಥಿಗಳು ಆಲಿಸುವ, ಲೆಕ್ಕಿಸುವ ಕೆಲಸವನ್ನು ತಾವು ಇಟ್ಟುಕೊಂಡು, ಕೀಳುವ ಕೂರಿಸುವ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು.

ಹಳೆಯ ಬೇರಿಂಗನ್ನು ಗ್ಯಾರೇಜಿನವರಿಂದ ಕೇಳಿ ತನ್ನಿರಿ; ಅವರು ಗುಜರಿಗೆ ಹಾಕುವ ವಸ್ತುವದು. ಹಾಗೆಯೇ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವರ ಬಳಿಯೂ ಸಿಗುತ್ತದೆ. ಅದರ ಅಂಚಿನಲ್ಲಿ ೬೨೦೫ ಎಂಬಂಥ ಸಂಖ್ಯೆ ಕೊರೆದಿದ್ದರೆ, ಕೊನೆಯ ಎರಡು ಅಂಕಗಳನ್ನು ಐದರಿಂದ ಗುಣಿಸಿರಿ. ಬರುವ ೨೫ ಮಿಲಿಮೀಟರೇ ಅದರ ಒಳರಂಧ್ರದ ವ್ಯಾಸ. ಗಾಲಿಯ ಬೇರಿಂಗುಗಳ ಸಂಖ್ಯೆಗಳು ಬಹುವೇಳೆ ಬೇರೆ ಕ್ರಮದವು. ಬಳೆಗಳನ್ನು ಬಿಡಿಸಿಸಿಕೊಂಡು, ಸೀಮೆಎಣ್ಣೆಯಲ್ಲಿ ಗ್ರೀಸನ್ನು ತೊಳೆದು, ಬೂದುಗಾಜಿನಿಂದ ನೋಡಿರಿ. ಮುಂಗಾಲಿಯ ಒಳಬಳೆಯು ತಿರುಗುತ್ತಿದ್ದುದರಿಂದ ಅದರ ಸವೆತ ಸುತ್ತಲೂ ಹಬ್ಬಿರುತ್ತದೆ. ಹೊರಬಳೆಯದು ಹಾಗಲ್ಲ, ಗಾಲಿಯನ್ನು ನೆಲವು ಮೇಲಕ್ಕೊತ್ತುವುದರಿಂದ ಭಾರವೆಲ್ಲ ಅದರ ಮೇಲ್ಭಾಗದ ಕಮಾನಿನ ಮೇಲೆಯೇ ಬೀಳುತ್ತದೆ, ಹಕ್ಕಳೆ ಎದ್ದ ಗುಳಿಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಎತ್ತಿನ ಗಾಡಿಯಲ್ಲಿ ಅಚ್ಚು ನಿಂತು ಗುಂಬ ತಿರುಗುವುದಷ್ಟೆ; ಆದ್ದರಿಂದ ಹಳೆಯ ಗಾಡಿಯ ಅಚ್ಚೊಂದು ಎಲ್ಲಾದರೂ ಬಿದ್ದಿರುವುದು ಕಂಡರೆ ಅದರ ತುದಿಯನ್ನು ಸವರಿ ನೋಡಿರಿ: ಅಲ್ಲಿ ಸವೆದಿರುವುದು ಕೆಳಮೈ.